ಮುಳಶಿ: ಹೊಗೆಯಿಲ್ಲದ ವಿದ್ಯುತ್ತಿನ ಹಳೆಯ ಲೆಕ್ಕ

ಪುಣೆಯಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ ಮುಳಶಿ ಜಲಾಶಯವಿದೆ. ಮಳೆಗಾಲದ ಭಾನುವಾರಗಳಲ್ಲಿ ನಗರದ ಜನ ಕಾರು ಹತ್ತಿ ಹೋಗುವ ಜಾಗ ಅದು. ಇಂದು ನೀರು ನಿಂತಿರುವ ಆ ಕಣಿವೆಯಲ್ಲಿ ನೂರು ವರ್ಷಗಳ ಹಿಂದೆ ಭತ್ತದ ಗದ್ದೆಗಳಿದ್ದವು. ಮಾವಿನ ಹೂವಿನ ಘಮವಿರುವ ಅಂಬೆಮೋಹರ್ ಅಕ್ಕಿಗೆ ಈ ಸೀಮೆ ಇವತ್ತಿಗೂ ಹೆಸರುವಾಸಿ. ಗದ್ದೆಗಳನ್ನು ಮುಳುಗಿಸಿದ ಯೋಜನೆ ತಂದದ್ದು ಇಂದಿನ ಭಾಷೆಯಲ್ಲಿ ಹೇಳುವುದಾದರೆ ‘ಶುದ್ಧ ಇಂಧನ’.

ಯೋಜನೆಯ ಹಿಂದಿದ್ದದ್ದು ಸಹ್ಯಾದ್ರಿಯ ಒಂದು ವೈಚಿತ್ರ್ಯ. ಇಲ್ಲಿ ಹುಟ್ಟುವ ಮುಳಾದಂಥ ನದಿಗಳಿಗೆ ಅರಬ್ಬಿ ಸಮುದ್ರ ಹತ್ತಿರದಲ್ಲೇ ಇದೆ; ಆದರೂ ಅವು ಬೆನ್ನು ತಿರುಗಿಸಿ ಪೂರ್ವಕ್ಕೆ, ದೂರದ ಬಂಗಾಳ ಕೊಲ್ಲಿಯತ್ತ ಹರಿಯುತ್ತವೆ. ಪಶ್ಚಿಮದ ಕಡೆ ಘಟ್ಟ ಗೋಡೆಯಂತೆ ಕೊಂಕಣಕ್ಕೆ ಇಳಿಯುತ್ತದೆ. ನದಿಯನ್ನು ಮೇಲೆಯೇ ತಡೆದು ನೀರನ್ನು ಪಶ್ಚಿಮಕ್ಕೆ ಧುಮುಕಿಸಿದರೆ ಸುಮಾರು 500 ಮೀಟರ್ ಎತ್ತರದ ಬಲ ಸಿಗುತ್ತದೆ. ಟಾಟಾ ಕಂಪನಿಯ ಖೋಪೋಲಿ ವಿದ್ಯುದಾಗಾರ 1915ರಲ್ಲಿ ಶುರುವಾದದ್ದು ಇದೇ ಉಪಾಯದಿಂದ. ಮುಂಬೈಯ ಬಟ್ಟೆ ಗಿರಣಿಗಳು ಆಗ ದೂರದಿಂದ ಬರುತ್ತಿದ್ದ ಕಲ್ಲಿದ್ದಲನ್ನು ನಂಬಿಕೊಂಡಿದ್ದವು. ಕಲ್ಲಿದ್ದಲು ಉಳಿಯುತ್ತದೆ, ಕೈಗಾರಿಕೆ ಬೆಳೆಯುತ್ತದೆ ಎಂಬ ವಾದಕ್ಕೆ ಎದುರಾಡುವುದು ಸುಲಭವಿರಲಿಲ್ಲ. ಕಂಪನಿಯೂ ಸ್ವದೇಶಿಯದೇ.

ಮುಳಶಿಯಲ್ಲಿ ಮುಳುಗಲಿದ್ದದ್ದು ಸುಮಾರು 50 ಹಳ್ಳಿ, ಸುಮಾರು 10,000 ಜನ. ಸರ್ಕಾರ 1894ರ ಭೂಸ್ವಾಧೀನ ಕಾಯ್ದೆಯಡಿ ಕಂಪನಿಗೆ ಭೂಮಿ ಕೊಡಿಸಲು ಹೊರಟಿತು. 1921ರ ಏಪ್ರಿಲ್ 16, ರಾಮನವಮಿಯ ದಿನ, ಮಾವಳ ಪ್ರದೇಶದ ರೈತರು ಕಟ್ಟೆಯ ಕೆಲಸ ನಡೆಯುವಲ್ಲಿಗೆ ಹೋಗಿ ಕುಳಿತರು. ಕೆಲಸ ಕೆಲವು ತಿಂಗಳು ನಿಂತಿತು. ಕಾನೂನಿನ ಹಕ್ಕನ್ನೇ ಹಿಡಿದು ಕೂರದೆ ಜನರೊಡನೆ ಮಾತಾಡಿ ಎಂದು ಗಾಂಧೀಜಿ ಟಾಟಾ ಸಂಸ್ಥೆಯನ್ನು ಕುರಿತು ಬರೆದರು. ಪುಣೆಯಿಂದ ವಿನಾಯಕರಾವ್ ಭುಸ್ಕುಟೆ ಬಂದರು. ಪಾಂಡುರಂಗ ಮಹಾದೇವ ಬಾಪಟ್ ಬಂದರು. ಬಾಪಟರಿಗೆ ‘ಸೇನಾಪತಿ’ ಎಂಬ ಹೆಸರು ಅಂಟಿಕೊಂಡದ್ದು ಈ ಹೋರಾಟದಲ್ಲೇ.

ಆದರೆ ಕಣಿವೆಯೊಳಗೆ ಒಂದು ಬಿರುಕಿತ್ತು. ಗದ್ದೆ ಉಳುವವರು ಮಾವಳದ ರೈತರು. ಬಹಳಷ್ಟು ಗದ್ದೆಯ ಕಾಗದ ಮಾತ್ರ ಪುಣೆಯ ಸಾಹುಕಾರರ ಪೆಟ್ಟಿಗೆಯಲ್ಲಿತ್ತು. ಭೂಮಿ ಹೋದರೆ ಸಾಹುಕಾರನಿಗೆ ಒಳ್ಳೆಯ ಪರಿಹಾರ. ಉಳುವವನಿಗೆ ನಾಳೆಯ ಅನ್ನವೇ ಇಲ್ಲ. ಕಾಗದ ಇದ್ದವರು ಒಬ್ಬೊಬ್ಬರಾಗಿ ಹಣ ಪಡೆದುಕೊಂಡಂತೆ ಸತ್ಯಾಗ್ರಹದ ಕಾಲ ಕೆಳಗಿನ ನೆಲ ಕುಸಿಯಿತು. ಬಂಧನಗಳು ನಡೆದವು. 1924ರಲ್ಲಿ ಕಾಮಗಾರಿಯ ರೈಲನ್ನು ತಡೆದ ಬಾಪಟರು ಏಳು ವರ್ಷದ ಜೈಲಿಗೆ ಹೋದರು. 1927ರಲ್ಲಿ, ಘಟ್ಟದ ಕೆಳಗಿನ ಭೀರಾದಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಯಿತು. ರಾಜ್ಯಶಾಸ್ತ್ರಜ್ಞ ರಾಜೇಂದ್ರ ವೋರಾ ಇದನ್ನು ಜಗತ್ತಿನ ಮೊದಲ ಅಣೆಕಟ್ಟು ವಿರೋಧಿ ಚಳವಳಿ ಎಂದು ಕರೆದಿದ್ದಾರೆ.

ಈ ಲೆಕ್ಕದಲ್ಲಿ ಕನ್ನಡ ನಾಡಿಗೂ ಒಂದು ಸಾಲಿದೆ. ಮುಳಾ ನದಿ ಪುಣೆಯಲ್ಲಿ ಮುಠಾವನ್ನು ಕೂಡಿ, ಮುಂದೆ ಭೀಮೆಯನ್ನು ಸೇರುತ್ತದೆ. ಭೀಮೆ ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳನ್ನು ದಾಟಿ ರಾಯಚೂರಿನ ಬಳಿ ಕೃಷ್ಣೆಗೆ ಸೇರುತ್ತದೆ. ಘಟ್ಟದಿಂದ ಪಶ್ಚಿಮಕ್ಕೆ ಇಳಿದ ನೀರು ಈ ಬಯಲುಸೀಮೆಗೆ ಎಂದೂ ಬಾರದು. ಬರಗಾಲದಲ್ಲಿ ಒಣಗುವ ಭೀಮಾತೀರದ ಯಾವ ರೈತನನ್ನೂ 1921ರಲ್ಲಿ ಯಾರೂ ಕೇಳಿರಲಿಲ್ಲ. ಅವನ ಬಳಿಯಂತೂ ಆ ನೀರಿನ ಕಾಗದವೇ ಇರಲಿಲ್ಲ.

ಕಾಗದದ ಈ ಪ್ರಶ್ನೆ ಮುಳಶಿಯೊಂದಿಗೆ ಮುಳುಗಲಿಲ್ಲ. ಕರ್ನಾಟಕಕ್ಕೆ ಬೆಳಕು ಕೊಡಲು 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಮುಳುಗಡೆಯಿಂದ ಎದ್ದುಹೋದ ಶರಾವತಿ ಕುಟುಂಬಗಳಲ್ಲಿ ಅನೇಕರು ತಾವು ನೆಲೆನಿಂತ ಜಾಗದ ಹಕ್ಕುಪತ್ರಕ್ಕಾಗಿ ದಶಕಗಳಿಂದ ಅಲೆದಿದ್ದಾರೆ. ತುಮಕೂರು ಜಿಲ್ಲೆಯ ಪಾವಗಡದ ಸೌರ ಪಾರ್ಕಿನಲ್ಲಿ ಬೇರೆ ದಾರಿ ಹಿಡಿಯಲಾಯಿತು. ಸುಮಾರು 13,000 ಎಕರೆಯನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ಭೂಮಿ ರೈತನ ಹೆಸರಿನಲ್ಲೇ ಉಳಿಯಿತು. ಮುಳಶಿಗೆ ಹೋಲಿಸಿದರೆ ಇದು ದೊಡ್ಡ ಮುನ್ನಡೆ. ಆದರೆ ಗುತ್ತಿಗೆ ಹಣ ಹೋಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಬೀಳುಭೂಮಿಯಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಪಹಣಿಯಿಲ್ಲ.

2013ರ ಭೂಸ್ವಾಧೀನ ಕಾಯ್ದೆ ಗೇಣಿದಾರರನ್ನೂ ಕೃಷಿ ಕೂಲಿಕಾರರನ್ನೂ ‘ಬಾಧಿತ ಕುಟುಂಬ’ಗಳೆಂದು ಗುರುತಿಸುತ್ತದೆ. ಬಾಪಟರ ಕಾಲದಲ್ಲಿ ಊಹಿಸಲೂ ಆಗದಿದ್ದ ಮಾತು. ಆದರೆ ಗುತ್ತಿಗೆ ಒಪ್ಪಂದ ಸ್ವಾಧೀನವಲ್ಲವಾದ್ದರಿಂದ ಆ ರಕ್ಷಣೆ ಅಲ್ಲಿಗೆ ತಾನಾಗಿ ಬರುವುದಿಲ್ಲ. ಸೌರ ಫಲಕವಾಗಲಿ, ಗಾಳಿಯಂತ್ರವಾಗಲಿ, ಜಲವಿದ್ಯುತ್ತಾಗಲಿ ಬೇಕೇ ಬೇಕು. ಕಲ್ಲಿದ್ದಲಿನ ಹೊಗೆ ಇನ್ನು ಸಾಕು. ಅದಕ್ಕಾಗಿ ಊರೊಂದರ ನೆಲ ಅಳೆಯುವ ಮೊದಲು, ಆ ನೆಲದಲ್ಲಿ ಕಾಗದವಿಲ್ಲದೆ ದುಡಿದು ಉಣ್ಣುವವರು ಎಷ್ಟು ಜನ ಎಂಬ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಬೇಕು, ಗುತ್ತಿಗೆಯ ಹಣದಲ್ಲಿ ಅವರಿಗೂ ಪಾಲಿಡಬೇಕು. ಮುಳಶಿಯಲ್ಲಿ ಅಂಥ ಪಟ್ಟಿಯನ್ನು ಯಾರೂ ಮಾಡಲಿಲ್ಲ.