ಓಕೆ

ಒಪ್ಪಿಗೆ, ‘ಸರಿ’, ‘ಪರವಾಗಿಲ್ಲ’ ಎಂಬ ಅರ್ಥಗಳುಳ್ಳ ಇಂಗ್ಲಿಷ್ ಪದ. ಅಮೆರಿಕದಲ್ಲಿ ಹುಟ್ಟಿ, ಜಗತ್ತಿನ ಹಲವಾರು ಭಾಷೆಗಳಲ್ಲಿ ಬಳಕೆಯಾಗುತ್ತಿದೆ.

1838ರ ಸುಮಾರಿಗೆ ಬಾಸ್ಟನ್‌ನ ಪತ್ರಿಕೆಗಳಿಗೆ ಸಂಕ್ಷೇಪಾಕ್ಷರಗಳ ಹುಚ್ಚು ಹಿಡಿದಿತ್ತು. ಬರೀ ಸಂಕ್ಷೇಪ ಸಾಲದೆಂದು ಕಾಗುಣಿತವನ್ನೂ ಬೇಕೆಂದೇ ಕೆಡಿಸುತ್ತಿದ್ದರು. ‘ಆಲ್ ರೈಟ್’ ನ್ಯಾಯವಾಗಿ ಎ.ಆರ್. ಆಗಬೇಕು, ಅಕ್ಷರ ಬಾರದವನು ಕಿವಿಗೆ ಕೇಳಿದಂತೆ ಬರೆದ ಹಾಗೆ ಅದನ್ನು ಒ.ಡಬ್ಲ್ಯು. ಮಾಡಿದರು. ಇದೇ ರೀತಿಯಲ್ಲಿ ‘ಆಲ್ ಕರೆಕ್ಟ್’ ಎಂಬುದು ಎ.ಸಿ. ಆಗದೆ ಒ.ಕೆ. ಆಯಿತು. 1839ರ ಮಾರ್ಚ್ 23ರ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ ಪತ್ರಿಕೆಯ ವಿನೋದ ಬರಹವೊಂದರಲ್ಲಿ ಅದು ಅರ್ಥದ ಸಮೇತ ಅಚ್ಚಾಗಿದೆ.

ಅದರ ಒಡಹುಟ್ಟುಗಳೆಲ್ಲ ಬೇಗನೆ ಮರೆಯಾದವು. ಒ.ಕೆ.ಯನ್ನು ಉಳಿಸಿದ್ದು 1840ರ ಅಧ್ಯಕ್ಷೀಯ ಚುನಾವಣೆ. ಮರುಆಯ್ಕೆ ಬಯಸಿದ್ದ ಮಾರ್ಟಿನ್ ವ್ಯಾನ್ ಬ್ಯೂರೆನ್ ಹುಟ್ಟಿದ ಊರು ನ್ಯೂಯಾರ್ಕ್ ರಾಜ್ಯದ ಕಿಂಡರ್‌ಹುಕ್. ಅವರನ್ನು ‘ಓಲ್ಡ್ ಕಿಂಡರ್‌ಹುಕ್’ ಎಂದು ಕರೆದು ಬೆಂಬಲಿಗರು ಒ.ಕೆ. ಕ್ಲಬ್ ಕಟ್ಟಿದರು. ಎದುರಾಳಿಗಳು ಸುಮ್ಮನಿರಲಿಲ್ಲ: ಮಾಜಿ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್‌ಗೆ ಕಾಗುಣಿತ ಬಾರದು, ಕಾಗದಪತ್ರಗಳ ಮೇಲೆ ಒ.ಕೆ. ಎಂದು ಗೀಚಿದ್ದೇ ಅವರು ಎಂದು ಕಥೆ ಕಟ್ಟಿದರು. ವ್ಯಾನ್ ಬ್ಯೂರೆನ್ ಸೋತರು, ಪದ ಗೆದ್ದಿತು. ಮುಂದೆ ತಂತಿ ಕಚೇರಿಗಳು ಅದನ್ನು ಕೈಬಿಡಲಿಲ್ಲ. ಸಂದೇಶ ಸರಿಯಾಗಿ ಮುಟ್ಟಿತೆಂದು ತಿಳಿಸಲು ಎರಡೇ ಅಕ್ಷರ ಸಾಕಾಗುತ್ತಿತ್ತು.

ಮೂಲದ ಬಗ್ಗೆ ಬೇರೆ ವಾದಗಳೂ ಹುಟ್ಟಿಕೊಂಡವು. ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ ಜನರ ‘ಓಕೆ’ ಎಂಬ ಮಾತೇ ಇದರ ಮೂಲವೆಂದು ಅಧ್ಯಕ್ಷ ವುಡ್ರೋ ವಿಲ್ಸನ್ ನಂಬಿದ್ದರು. ಗ್ರೀಕ್ ಮತ್ತು ಪಶ್ಚಿಮ ಆಫ್ರಿಕದ ಭಾಷೆಗಳನ್ನೂ ಮೂಲವಾಗಿ ಹೇಳಿದವರುಂಟು. ಇವುಗಳಿಗೆಲ್ಲ ಮುಖ್ಯ ಆಧಾರ ಧ್ವನಿಸಾಮ್ಯ. ಕೊಲಂಬಿಯಾ ವಿಶ್ವವಿದ್ಯಾಲಯದ ಅಲೆನ್ ವಾಕರ್ ರೀಡ್ ಹಳೆಯ ಪತ್ರಿಕೆಗಳನ್ನು ಜಾಲಾಡಿ, 1963-64ರಲ್ಲಿ ‘ಅಮೆರಿಕನ್ ಸ್ಪೀಚ್’ ನಿಯತಕಾಲಿಕದಲ್ಲಿ ಬಾಸ್ಟನ್ ಮೂಲವನ್ನು ತಾರೀಖುಗಳ ಸಹಿತ ತೋರಿಸಿಕೊಟ್ಟರು. ಪದಚರಿತ್ರೆ ಬರೆಯುವವರೆಲ್ಲ ಕಲಿಯಬೇಕಾದ ಶ್ರದ್ಧೆ ಅದು. ನಿಘಂಟುಕಾರರು ಹೆಚ್ಚಾಗಿ ಒಪ್ಪಿರುವುದೂ ಅವರ ನಿರ್ಣಯವನ್ನೇ.

ಕನ್ನಡದ ಆಡುಮಾತಿನಲ್ಲಿ ‘ಓಕೆ ಮಾಡು’, ‘ಓಕೆ ಆಯ್ತು’, ‘ಓಕೆನಾ?’ ಎಂಬ ರೂಪಗಳು ಬೇರೂರಿವೆ. ಚಿತ್ರೀಕರಣದಲ್ಲಿ ನಿರ್ದೇಶಕರು ‘ಶಾಟ್ ಓಕೆ’ ಎಂದರೆ ಪೂರ್ತಿ ಒಪ್ಪಿಗೆ. ಅದೇ ಸಿನಿಮಾ ನೋಡಿ ಬಂದವರು ‘ಹೂಂ, ಓಕೆ’ ಎಂದರೆ ಅಷ್ಟಕ್ಕಷ್ಟೆ.