ತ್ಯಾಜ್ಯವೂ ನಂಬಿಕೆಯೂ

'ತ್ಯಾಜ್ಯ' ಎಂಬ ಶಬ್ದ ನಮ್ಮ ಹಿರಿಯರಿಗೆ ಪಂಚಾಂಗದಿಂದ ಪರಿಚಿತ. ಶುಭಕಾರ್ಯಕ್ಕೆ ಸಲ್ಲದ, ಬಿಡತಕ್ಕ ವೇಳೆ ಎಂದು ಅದರ ಅರ್ಥ. ಬಿಟ್ಟರೆ ಮುಗಿಯಿತು, ವೇಳೆ ತಾನಾಗಿ ಕಳೆದುಹೋಗುತ್ತದೆ. ಅಣುಸ್ಥಾವರಗಳ ಉಳಿಕೆಗೂ ನಾವು ಇದೇ ಶಬ್ದವನ್ನು ಹೊಂದಿಸಿಕೊಂಡಿದ್ದೇವೆ. ಆದರೆ ಈ ತ್ಯಾಜ್ಯವನ್ನು ತ್ಯಜಿಸುವಂತಿಲ್ಲ, ಕಾಯಬೇಕು. ಅದರಲ್ಲಿರುವ ಒಂದು ಬಗೆಯ ಪ್ಲುಟೋನಿಯಂ ಅರ್ಧಕ್ಕೆ ಇಳಿಯಲು ಸುಮಾರು 24,000 ವರ್ಷ ಹಿಡಿಯುತ್ತದೆ. ನಮ್ಮ ಹಲ್ಮಿಡಿ ಶಾಸನದ ವಯಸ್ಸು ಹೆಚ್ಚೆಂದರೆ 1,600 ವರ್ಷ. ಇಷ್ಟು ದೀರ್ಘಕಾಲದ ಕಾವಲಿಗೆ ನಿಲ್ಲುತ್ತೇವೆ ಎನ್ನುವವರ ಮಾತನ್ನು ಜನ ಯಾವ ಆಧಾರದ ಮೇಲೆ ನಂಬಬೇಕು ಎಂಬುದೇ ನಾನಿಂದು ಎತ್ತಿಕೊಂಡಿರುವ ವಿಷಯ.

2012ರ ನವೆಂಬರಿನಲ್ಲಿ ಕೂಡಂಕುಳಂ ಸ್ಥಾವರದ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ನಡೆಯುತ್ತಿದ್ದಾಗ, ಬಳಸಿ ಮುಗಿದ ಇಂಧನದ ಕೊನೆಯ ನೆಲೆ ಎಲ್ಲಿ ಎಂಬ ಪ್ರಶ್ನೆ ಬಂದಿತು. ಆಗ ಕೋಲಾರದ ಚಿನ್ನದ ಗಣಿಗಳ ಹೆಸರು ಹೊರಬಿದ್ದಿತು. ಪತ್ರಿಕೆಗಳಲ್ಲಿ ಇದನ್ನೋದಿದ ಕೋಲಾರ ಜಿಲ್ಲೆ ಕೆರಳಿತು, ಪ್ರತಿಭಟನೆಗಳಾದವು, ರಾಜ್ಯ ಸರ್ಕಾರವೂ ವಿರೋಧ ಸೂಚಿಸಿತು. ಅಂಥ ಯೋಜನೆಯೇ ಇಲ್ಲವೆಂದು ಕೇಂದ್ರದವರು ಸ್ವಲ್ಪ ದಿನಗಳಲ್ಲೇ ಸ್ಪಷ್ಟಪಡಿಸಿದರು.

ಹೆಸರು ಬಂದದ್ದಾದರೂ ಹೇಗೆ? ಅದಕ್ಕೊಂದು ಪೂರ್ವಕಥೆಯಿದೆ. 1980ರ ದಶಕದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಈ ಗಣಿಯ ಬಳಕೆ ತಪ್ಪಿದ ಒಂದು ಭಾಗದಲ್ಲಿ, ಸುಮಾರು 1,000 ಮೀಟರ್ ಆಳದಲ್ಲಿ, ತ್ಯಾಜ್ಯದ ಬದಲು ಹೀಟರನ್ನು ಇಟ್ಟು, ಕಾವಿಗೆ ಬಂಡೆ ಹೇಗೆ ವರ್ತಿಸುತ್ತದೆಂದು ವರ್ಷಗಳ ಕಾಲ ಪರೀಕ್ಷಿಸಿದ್ದರು. ಇದೇ ಗಣಿಯ ಗರ್ಭದಲ್ಲಿ 1965ರಲ್ಲಿ ವಾತಾವರಣದ ನ್ಯೂಟ್ರಿನೋಗಳ ಸುಳಿವು ಸಿಕ್ಕಿದ್ದೂ ಉಂಟು. ವಿಜ್ಞಾನಕ್ಕೆ ಅದು ಭೂಮಿಯೊಳಗೆ ತೆರೆದ ಕಿಟಕಿ.

ಅಲ್ಲಿ ಬಾಳಿದವರಿಗೆ? ಜಾನ್ ಟೇಲರ್ ಕಂಪನಿ 1880ರಲ್ಲಿ ಕಾಲಿಟ್ಟಂದಿನಿಂದ ಆ ಊರು ಕಂಡದ್ದು ಬೇರೆ. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಮಿಕ್ಕಿ ಆಳಕ್ಕಿಳಿಯಿತು. ಅಷ್ಟು ಆಳದ ಒತ್ತಡಕ್ಕೆ ಬಂಡೆ ಸಿಡಿದು ಕಾರ್ಮಿಕರು ಸತ್ತರು. ಶಿಲಾಧೂಳು ಎಷ್ಟೋ ಜನರ ಶ್ವಾಸಕೋಶವನ್ನು ತಿಂದಿತು. ಅದಿರಿನಿಂದ ಚಿನ್ನ ತೆಗೆಯಲು ಸಯನೈಡ್ ಬಳಸಿ ಉಳಿದ ಹುಡಿ ಊರ ನಡುವೆಯೇ ಗುಡ್ಡಗಳಾಗಿ ಬಿದ್ದಿತು. ಗಾಳಿ ಎದ್ದಾಗ ಅದರ ಧೂಳು ಮನೆಯೊಳಕ್ಕೆ ಬರುತ್ತದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಒಳಗೆ ನೀರು ಏರಿತು. ಚಿನ್ನ ಹೋಯಿತು, ಹುಡಿ ಉಳಿಯಿತು. ಇಂಥ ಊರಿಗೆ, ಇನ್ನೊಂದು ಉಳಿಕೆ ಬಂದರೂ ಅಪಾಯವಿಲ್ಲವೆಂದು ಯಾರಾದರೂ ಹೇಳಿದರೆ, ಊರು ಮೊದಲು ತನ್ನ ಗುಡ್ಡಗಳ ಕಡೆಗೆ ನೋಡುವುದು ಸಹಜ. ಆ ಭಯವನ್ನು ಅಜ್ಞಾನವೆನ್ನುವ ಪಂಡಿತರ ಮಾತು ನನಗೆ ಒಪ್ಪಿಗೆಯಿಲ್ಲ. ಬಂಡೆ ಸಿಡಿಯುವ, ನೀರು ತುಂಬುವ ಗಣಿಯೆಂಬುದು ಅವರು ಪುಸ್ತಕ ಓದಿ ಕಲಿತದ್ದಲ್ಲ.

ಭಯದೊಳಗೆ ತಿಳಿವಳಿಕೆಯೂ ಇರಬಹುದೆಂಬುದಕ್ಕೆ ಅಮೆರಿಕದ ಕನ್ಸಾಸ್ ರಾಜ್ಯದ ಲಿಯನ್ಸ್ ಎಂಬ ಪಟ್ಟಣ ಸಾಕ್ಷಿ. ಅಲ್ಲಿನ ಹಳೆಯ ಉಪ್ಪಿನ ಗಣಿಯಲ್ಲಿ 1965ರಿಂದ ಕೆಲವು ವರ್ಷ ಇಂಥದೇ ಪರೀಕ್ಷೆ ನಡೆದಿತ್ತು. ಪಟ್ಟಣದ ಅನೇಕರು ಸ್ವಾಗತಿಸಿಯೂ ಇದ್ದರು. 1970ರಲ್ಲಿ ಅಣುಶಕ್ತಿ ಆಯೋಗ ಅದನ್ನೇ ತ್ಯಾಜ್ಯದ ನೆಲೆಯೆಂದು ಸಾರಿತು. ರಾಜ್ಯದ ಭೂವಿಜ್ಞಾನಿಗಳು ಎತ್ತಿದ ಸಂಶಯಗಳಿಗೆ ಆಯೋಗ ಕೊಡಬೇಕಾದಷ್ಟು ಬೆಲೆ ಕೊಡಲಿಲ್ಲ. ಆಮೇಲೆ ನೋಡಿದರೆ, ಸುತ್ತಲ ನೆಲದಲ್ಲಿ ಎಣ್ಣೆ, ಅನಿಲಗಳಿಗಾಗಿ ಹಿಂದೆಂದೋ ಕೊರೆದ ರಂಧ್ರಗಳು! ಹತ್ತಿರದ ಇನ್ನೊಂದು ಉಪ್ಪಿನ ಕಂಪನಿ ನೆಲದೊಳಕ್ಕೆ ಬಿಟ್ಟ ಅಪಾರ ನೀರು ಎಲ್ಲಿ ಹೋಯಿತೆಂಬುದೇ ತಿಳಿಯಲಿಲ್ಲ. 1972ರ ಹೊತ್ತಿಗೆ ಯೋಜನೆಯನ್ನು ಕೈಬಿಡಬೇಕಾಯಿತು.

ಸ್ವೀಡನ್ನಿನ ಕಥೆ ಇನ್ನೂ ಉದ್ದ. ಅಲ್ಲಿ ಕೊರೆತದ ಯಂತ್ರ ಬರುವುದೆಂಬ ಸುದ್ದಿಗೆ ಷುನ್ನೆಫ್ಯೆಲ್ ಎಂಬ ಬೆಟ್ಟಸೀಮೆಯ ಜನ 1980ರಲ್ಲಿ ಗುಡಿಸಲು ಹಾಕಿಕೊಂಡು ಕಾವಲು ಕುಳಿತರು. ಹಗಲಿರುಳು ಸರದಿಯ ಮೇಲೆ, ಹಿಮದಲ್ಲಿಯೂ, 2000ದವರೆಗೆ! ಸರ್ಕಾರದ ಭರವಸೆ ಬಂದ ಮೇಲೆಯೇ ಅವರು ಎದ್ದದ್ದು. ಇಂಥ ಪ್ರತಿರೋಧಗಳಿಂದ ಪಾಠ ಕಲಿತ ತ್ಯಾಜ್ಯ ಸಂಸ್ಥೆ 1992ರಲ್ಲಿ ರೀತಿ ಬದಲಿಸಿ, ತಾವಾಗಿ ಮುಂದೆ ಬರುವ ಊರುಗಳಲ್ಲಿ ಮಾತ್ರ ಶೋಧಿಸುವುದೆಂದು ಪತ್ರ ಬರೆಯಿತು. ಸ್ಟೂರುಮನ್ 1995ರಲ್ಲಿ, ಮಾಲೋ 1997ರಲ್ಲಿ ಜನಮತದ ಮೂಲಕ ಒಲ್ಲೆವೆಂದವು. ಸಂಸ್ಥೆ ಗಂಟುಮೂಟೆ ಕಟ್ಟಿಕೊಂಡು ಹೊರಟುಹೋಯಿತು. ನನ್ನ ಮಟ್ಟಿಗೆ ಇಡೀ ಕಥೆಯ ಮುಖ್ಯ ಘಟನೆ ಇದೇ; ಒಲ್ಲೆವೆಂದದ್ದಕ್ಕೆ ಬೆಲೆಯುಂಟೆಂದು ಉಳಿದ ಊರುಗಳು ಕಂಡವು.

2009ರಲ್ಲಿ ಓಸ್ಟ್‌ಹಮ್ಮರ್ ಪುರಸಭೆಯ ಫೋರ್ಸ್‌ಮಾರ್ಕ್ ಆಯ್ಕೆಯಾಯಿತು. ಸುಮಾರು 500 ಮೀಟರ್ ಆಳದ ಶಿಲೆಯಲ್ಲಿ, ತಾಮ್ರದ ಕೊಳವೆಗಳಲ್ಲಿ ಇಂಧನವನ್ನು ಇಡುವ ಯೋಜನೆ. ತಾಮ್ರ ಅಷ್ಟು ಕಾಲ ಸವೆಯದೆ ಬಾಳೀತೇ ಎಂದು ಪರಿಸರ ನ್ಯಾಯಾಲಯವೇ 2018ರಲ್ಲಿ ಶಂಕಿಸಿತು. ಆ ವಾದವೆಲ್ಲ ಬಹಿರಂಗವಾಗಿಯೇ ನಡೆಯಿತು. ತಡೆಯುವ ಹಕ್ಕು ಕೈಯಲ್ಲಿದ್ದ ಪುರಸಭೆ, ಎಲ್ಲವನ್ನೂ ಕೇಳಿಯಾದ ಮೇಲೆ, 2020ರ ಅಕ್ಟೋಬರಿನಲ್ಲಿ ಆಗಲಿ ಎಂದಿತು. 2022ರಲ್ಲಿ ಸರ್ಕಾರ ಅನುಮತಿಯಿತ್ತು, 2025ರ ಜನವರಿಯಲ್ಲಿ ಕೆಲಸ ತೊಡಗಿತು.