ಬೇರಿಂಗ್-ಗೂಲ್ಡ್, ಸೇಬಿನ್

1834-1924. ಇಂಗ್ಲೆಂಡಿನ ಆಂಗ್ಲಿಕನ್ ಪಾದ್ರಿ, ಸ್ಥಳೀಯ ಇತಿಹಾಸಕಾರ, ಜನಪದ ಗೀತೆಗಳ ಸಂಗ್ರಾಹಕ ಹಾಗೂ ಕಾದಂಬರಿಕಾರ. ನೈಋತ್ಯ ಇಂಗ್ಲೆಂಡಿನ ಡೆವನ್ ಕೌಂಟಿಗೆ ಸೇರಿದ ಲ್ಯೂ ಟ್ರೆಂಚರ್ಡ್ ಎಂಬ ಗ್ರಾಮದಲ್ಲಿ 1881ರಿಂದ ಕೊನೆಯುಸಿರಿನವರೆಗೂ ಪಾದ್ರಿಯಾಗಿದ್ದು, ಆ ಪ್ರದೇಶದ ಪುರಾತತ್ತ್ವ, ಐತಿಹ್ಯ ಮತ್ತು ಹಾಡುಗಳನ್ನು ದಾಖಲಿಸಿದವನೆಂದು ಪ್ರಸಿದ್ಧ.

ಈತ 1834ರ ಜನವರಿ 28ರಂದು ಎಕ್ಸಿಟರ್ ನಗರದಲ್ಲಿ ಹುಟ್ಟಿದ. ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಅಶ್ವದಳದಲ್ಲಿ ಅಧಿಕಾರಿಯಾಗಿದ್ದ ತಂದೆ ನಿವೃತ್ತಿಯ ಅನಂತರ ಕುಟುಂಬದೊಡನೆ ಯೂರೋಪಿನಲ್ಲಿ ಸುತ್ತಾಡುತ್ತಿದ್ದುದರಿಂದ ಈತನ ಶಾಲಾಶಿಕ್ಷಣ ಕ್ರಮವಾಗಿ ನಡೆಯಲಿಲ್ಲ. ಆದರೆ ಹಲವು ಭಾಷೆಗಳ ಪರಿಚಯವೂ ಹಳೆಯ ಅವಶೇಷಗಳ ಆಸಕ್ತಿಯೂ ಆಗಲೇ ಬೆಳೆದುವು. ಕೇಂಬ್ರಿಜ್‌ನ ಕ್ಲೇರ್ ಕಾಲೇಜಿನಲ್ಲಿ ಓದಿ, ಕೆಲಕಾಲ ಉಪಾಧ್ಯಾಯನಾಗಿದ್ದು, 1864ರಲ್ಲಿ ಧರ್ಮದೀಕ್ಷೆ ಪಡೆದು ಯಾರ್ಕ್‌ಷೈರಿನ ಹಾರ್ಬರಿಯಲ್ಲಿ ಸಹಾಯಕ ಪಾದ್ರಿಯಾದ. 'ಆನ್‌ವರ್ಡ್ ಕ್ರಿಶ್ಚಿಯನ್ ಸೋಲ್ಜರ್ಸ್' ಎಂಬ ಜನಪ್ರಿಯ ಸ್ತೋತ್ರಗೀತೆಯನ್ನು ಈತ ಅಲ್ಲಿನ ಮಕ್ಕಳ ಮೆರವಣಿಗೆಗಾಗಿ ರಚಿಸಿದ. ಅಲ್ಲಿಯೇ ಪರಿಚಯವಾದ ಗ್ರೇಸ್ ಟೇಲರ್ ಎಂಬ ಗಿರಣಿ ಕೆಲಸದ ಹುಡುಗಿಯನ್ನು 1868ರಲ್ಲಿ ಮದುವೆಯಾದ. ಈ ದಂಪತಿಗಳಿಗೆ ಹದಿನೈದು ಮಕ್ಕಳು.

ಇಂಗ್ಲೆಂಡಿನ ಕೆಲವು ಪ್ಯಾರಿಷ್‌ಗಳಲ್ಲಿ, ಅಂದರೆ ಒಬ್ಬ ಪಾದ್ರಿಯ ಹೊಣೆಗೆ ಒಳಪಟ್ಟ ಚರ್ಚಿನ ಎಲ್ಲೆಯಲ್ಲಿ, ಪಾದ್ರಿಯನ್ನು ಹೆಸರಿಸುವ ಹಕ್ಕು ಊರಿನ ಭೂಮಾಲೀಕ ಮನೆತನಕ್ಕೆ ಸೇರಿರುತ್ತಿತ್ತು. ಲ್ಯೂ ಟ್ರೆಂಚರ್ಡ್‌ನಲ್ಲಿ ಈ ಹಕ್ಕು ಬೇರಿಂಗ್-ಗೂಲ್ಡ್ ಮನೆತನದ್ದಾಗಿತ್ತು. ತಂದೆಯ ಮರಣಾನಂತರ 1872ರಲ್ಲಿ ಜಮೀನಿನ ವಾರಸುದಾರನಾದ ಈತ, ಅಲ್ಲಿ ಪಾದ್ರಿಯಾಗಿದ್ದ ಚಿಕ್ಕಪ್ಪ 1881ರಲ್ಲಿ ತೀರಿಕೊಂಡಾಗ ಆ ಸ್ಥಾನಕ್ಕೆ ತನ್ನನ್ನೇ ಹೆಸರಿಸಿಕೊಂಡು, ಊರಿನ ಜಮೀನ್ದಾರನೂ ಪಾದ್ರಿಯೂ ಆದ. ಸೇಂಟ್ ಪೀಟರ್ ಚರ್ಚಿನಲ್ಲಿ ಭಕ್ತರು ಕೂರುವ ಅಂಕಣವನ್ನು ಪೂಜಾಪೀಠದ ಭಾಗದಿಂದ ಬೇರ್ಪಡಿಸುತ್ತಿದ್ದ ಕೆತ್ತನೆಯ ಮರದ ತಡಿಕೆಯನ್ನು ಹಿಂದೆ ಕಿತ್ತುಹಾಕಲಾಗಿತ್ತು. ಉಳಿದಿದ್ದ ತುಂಡುಗಳ ಮಾದರಿಯನ್ನೇ ಹಿಡಿದು, ಪಿನ್‌ವಿಲ್ ಸೋದರಿಯರೆಂಬ ಕುಶಲಕರ್ಮಿಗಳಿಂದ ಈತ ಅದನ್ನು ಮತ್ತೆ ಕಡೆಸಿದ.

ಡೆವನ್‌ನ ನಡುವೆ ಹರಡಿರುವ ಡಾರ್ಟ್‌ಮೂರ್ ಎಂಬ ಬಂಜರು ಪ್ರಸ್ಥಭೂಮಿಯ ಪ್ರಾಗಿತಿಹಾಸದ ಅಧ್ಯಯನದಲ್ಲಿ ಈತನ ಪಾತ್ರ ದೊಡ್ಡದು. 1894ರಲ್ಲಿ ರಾಬರ್ಟ್ ಬರ್ನಾರ್ಡ್ ಮೊದಲಾದವರೊಡನೆ ಗ್ರಿಮ್ಸ್‌ಪೌಂಡ್‌ನಲ್ಲಿ ಉತ್ಖನನ ನಡೆಸಿ, ಕಲ್ಲಿನ ಆವರಣದೊಳಗಿದ್ದ ದುಂಡು ಗುಡಿಸಲುಗಳ ನೆಲದಲ್ಲಿ ಒಲೆ, ಇದ್ದಿಲು ಮತ್ತು ಅಡುಗೆಯ ಗುಂಡಿಗಳನ್ನು ಗುರುತಿಸಿ, ಅವು ಕಂಚಿನ ಯುಗದ ಜನರ ವಾಸದ ಮನೆಗಳೆಂದು ತೋರಿಸಿಕೊಟ್ಟುದು ಇದರ ಮುಖ್ಯ ಫಲ. ಬಿದ್ದ ಕಲ್ಲುಗಳನ್ನು ಊಹೆಯಿಂದ ಎತ್ತಿ ನಿಲ್ಲಿಸಿದ ಬಗ್ಗೆ ಟೀಕೆಯೂ ಬಂದಿತು. 1896ರಲ್ಲಿ ಈತ ಡೆವನ್‌ಷೈರ್ ಅಸೋಸಿಯೇಷನ್ನಿನ ಅಧ್ಯಕ್ಷನಾಗಿದ್ದ.

ತನ್ನ ಜೀವಮಾನದ ಅತಿ ಮುಖ್ಯ ಕಾರ್ಯವೆಂದು ಈತ ಭಾವಿಸಿದ್ದುದು 1888ರಲ್ಲಿ ಕೈಗೊಂಡ ಹಾಡುಗಳ ಸಂಗ್ರಹವನ್ನು. ಬೇಲಿ ಕಟ್ಟುವವರು, ಕಲ್ಲು ಒಡೆಯುವವರು, ಕಮ್ಮಾರರು ಮುಂತಾದ ವೃದ್ಧ ಗಾಯಕರನ್ನು ಹುಡುಕಿಕೊಂಡು ಹೋಗಿ ಅವರಿಂದ ಹಾಡಿಸಿ ಬರೆದುಕೊಳ್ಳುತ್ತಿದ್ದ. ಮಟ್ಟುಗಳನ್ನು ಸ್ವರಲಿಪಿಯಲ್ಲಿ ಇಳಿಸಲು ಹೆನ್ರಿ ಫ್ಲೀಟ್‌ವುಡ್ ಶೆಪರ್ಡ್ ಮತ್ತು ಫ್ರೆಡರಿಕ್ ಬಸೆಲ್ ನೆರವಾದರು. 'ಸಾಂಗ್ಸ್ ಅಂಡ್ ಬ್ಯಾಲೆಡ್ಸ್ ಆಫ್ ದಿ ವೆಸ್ಟ್' (1889-91) ಎಂಬ ಸಂಕಲನದಲ್ಲಿ, ಆ ಕಾಲದ ಗೃಹಸ್ಥರ ಅಭಿರುಚಿಗೆ ಒಗ್ಗದ ಶೃಂಗಾರದ ಮಾತುಗಳನ್ನು ತಿದ್ದಿ, ಕೆಲವೆಡೆ ಹೊಸ ಸಾಹಿತ್ಯವನ್ನೇ ಬರೆದು ಪ್ರಕಟಿಸಿದ್ದರಿಂದ ಅದರ ಪ್ರಾಮಾಣ್ಯವನ್ನು ಮುಂದಿನ ವಿದ್ವಾಂಸರು ಪ್ರಶ್ನಿಸಿದರು. ಆದರೆ ಗಾಯಕರು ಹಾಡಿದ ಮೂಲಪಾಠಗಳನ್ನು ಈತ ಹಸ್ತಪ್ರತಿಗಳಲ್ಲಿ ಉಳಿಸಿದ್ದ.

'ಓಲ್ಡ್ ಕಂಟ್ರಿ ಲೈಫ್' (1890), 'ಎ ಬುಕ್ ಆಫ್ ಡಾರ್ಟ್‌ಮೂರ್' (1900), 'ಡೆವನ್‌ಷೈರ್ ಕ್ಯಾರೆಕ್ಟರ್ಸ್ ಅಂಡ್ ಸ್ಟ್ರೇಂಜ್ ಈವೆಂಟ್ಸ್' (1908) ಈತನ ಪ್ರಾದೇಶಿಕ ಕೃತಿಗಳಲ್ಲಿ ಪ್ರಮುಖವಾದುವು. ನೂರಕ್ಕೂ ಮಿಕ್ಕ ಪುಸ್ತಕಗಳನ್ನು ಅವಸರದಿಂದ ಬರೆದ ಕಾರಣ ಐತಿಹ್ಯ ಮತ್ತು ದಾಖಲೆಗಳು ಅವುಗಳಲ್ಲಿ ಕೆಲವೊಮ್ಮೆ ಬೆರೆತುಹೋಗಿವೆ. ಈತ 1924ರ ಜನವರಿ 2ರಂದು ಲ್ಯೂ ಟ್ರೆಂಚರ್ಡ್‌ನಲ್ಲಿಯೇ ನಿಧನನಾದ. ಈತನ ಮತ್ತಷ್ಟು ಹಸ್ತಪ್ರತಿಗಳು ಡೆವನ್‌ನ ಕಿಲರ್ಟನ್ ಹೌಸ್‌ನಲ್ಲಿ ದೊರೆತ ಮೇಲೆ, ಅಚ್ಚಾದ ಸಂಕಲನಕ್ಕಿಂತ ಈ ಕೈಬರಹದ ಟಿಪ್ಪಣಿಗಳೇ ಡೆವನ್‌ನ ಜನಪದ ಸಂಗೀತದ ಅಧ್ಯಯನಕ್ಕೆ ಹೆಚ್ಚು ನಂಬಲರ್ಹವಾದ ಆಕರಗಳಾಗಿವೆ.